ಗೋತ್ರ ಬದಲಾದ ಮೇಲೆ

8 ಸೆಪ್ಟೆಂಬರ್ 2025, ಸೋಮವಾರ. ಹಿಂದೂಪುರ

ಈ ನೋಟ್‌ಬುಕ್ಕಿನ ಮೊದಲ ಹದಿನೇಳು ಪುಟಗಳಲ್ಲಿ ಛಂದಸ್ಸಿನ ಟಿಪ್ಪಣಿಗಳಿವೆ. ಉಳಿದದ್ದು ಖಾಲಿ. ಎಂ.ಎ. ಮುಗಿದು ಒಂದೂವರೆ ವರ್ಷವಾಯಿತು. ಇವತ್ತು ನನಗೂ ಕೆಲಸ ಸಿಕ್ಕಿತು, ಈ ಪುಟಗಳಿಗೂ ಸಿಕ್ಕಿತು.

ಆರು ತಿಂಗಳ ಕೆಲಸ. ಬೆಂಗಳೂರಿನ ಒಂದು ಸಂಶೋಧನಾ ತಂಡ ಹಿಂದೂಪುರ ಮತ್ತು ಕಲ್ಯಾಣದುರ್ಗದ ನೇಕಾರರ ಮನೆಗಳಲ್ಲಿ ಸಕ್ಕರೆ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಹೇಗೆ ಬರುತ್ತದೆ ಎಂದು ನೋಡುತ್ತಿದೆ. ರಕ್ತ ತೆಗೆಯುವವರು ಅವರಲ್ಲೇ ಇದ್ದಾರೆ. ಯಾರಿಗೆ ಯಾರು ಏನಾಗಬೇಕು, ಯಾರಿಗೆ ಯಾವ ವಯಸ್ಸಿಗೆ ಕಾಯಿಲೆ ಬಂತು ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಕೇಳಿ ಬರೆಯುವವರು ಬೇಕಿತ್ತು. ನನಗೆ ಬರೆಯಲು ಬರುತ್ತದೆ, ಕೇಳಲು ಬರುವುದಿಲ್ಲ. ಸಂದರ್ಶನದಲ್ಲಿ ಮೊದಲನೆಯದನ್ನು ಮಾತ್ರ ಹೇಳಿದೆ.

ತಂಡದ ಮುಖ್ಯಸ್ಥೆ ಡಾಕ್ಟರ್ ಚಂದ್ರಕಲಾ ಇಡೀ ದಿನ ಪಾಠ ಮಾಡಿದರು. ವಂಶದ ನಕ್ಷೆಯಲ್ಲಿ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆ ಇದ್ದವರದಕ್ಕೆ ಕಪ್ಪು ತುಂಬಬೇಕು. ಪ್ರತಿಯೊಬ್ಬರಿಗೂ ಮೇಲಿನಿಂದ ಎರಡು ಗೆರೆ ಇಳಿಯುತ್ತವೆ, ಒಂದು ತಾಯಿಯಿಂದ, ಒಂದು ತಂದೆಯಿಂದ.

ಉಳಿದವರಿಗೆ ಕಷ್ಟವಾದದ್ದು ನನಗೆ ಸುಲಭವಾಯಿತು. ಎಂ.ಎ.ಯಲ್ಲಿ ಹಸ್ತಪ್ರತಿಗಳ ಪತ್ರಿಕೆಗೆ ಓದಿದ್ದೇ ಇದು: ಪಾಠಾಂತರ. ಒಂದೇ ಕಾವ್ಯದ ಹತ್ತು ಓಲೆಪ್ರತಿಗಳಲ್ಲಿ ಹತ್ತು ಕಡೆ ಅಕ್ಷರ ಬೇರೆ ಇರುತ್ತದೆ. ಬಹುಪಾಲು ಕಡೆ ಅರ್ಥ ಕೆಡುವುದಿಲ್ಲ, ಕೆಲವು ಕಡೆ ಕೊಂಚ ವಾಲುತ್ತದೆ. ಅಪ್ಪ ಅಮ್ಮನಿಂದ ಬರುವ ಜೀನುಗಳೂ ಹೀಗೇ ಅಕ್ಷರಗಳಲ್ಲಿ ಬರೆದ ಪ್ರತಿಗಳು. ಈ ಕಾಯಿಲೆ ಒಂದು ಅಕ್ಷರದಿಂದ ಬರುವುದಿಲ್ಲವಂತೆ. ನೂರಾರು ಕಡೆ ಚೂರು ಚೂರು ವಾಲಿ, ಅದರ ಮೇಲೆ ನಮ್ಮ ಊಟ, ನಿದ್ದೆ, ಕೂತಲ್ಲೇ ಕೂರುವ ಕೆಲಸ ಎಲ್ಲ ಸೇರಿ, ಒಂದು ದಿನ ತಕ್ಕಡಿ ಆ ಕಡೆಗೆ ಬೀಳುತ್ತದೆ. ಅಂಥ ಅಕ್ಷರಗಳಲ್ಲಿ ಕೊಂಚ ಜೋರಿನದು ಕೂತಿರುವ ಜೀನಿನ ಹೆಸರು ಟಿಸಿಎಫ್ ಸೆವೆನ್ ಎಲ್ ಟು. ಬಸ್ಸಿನ ನಂಬರಿನಂತಿದೆ.

13 ಸೆಪ್ಟೆಂಬರ್, ಶನಿವಾರ

ಮುದಿರೆಡ್ಡಿಪಲ್ಲಿಯ ಮಗ್ಗದ ಬೀದಿಯಲ್ಲಿ ಮೊದಲ ಮನೆ. ನಾನು ಹಾಳೆ ತೆರೆದು ಪೆನ್ನು ಹಿಡಿದು ಕೂತೆ. ಕೂತೇ ಇದ್ದೆ. ರಕ್ತ ತೆಗೆಯುವ ಬನಶ್ರೀ ಪಕ್ಕದಿಂದ ತಿವಿದು "ಅಡುಗಮ್ಮಾ, ಅಡುಗು" ಎಂದು ತೆಲುಗಿನಲ್ಲಿ ಪಿಸುಗುಟ್ಟಿದಳು. ಕೇಳು, ಕೇಳು ಎಂದು. ನಾನು ಹಾಳೆಯ ತಲೆಬರಹವನ್ನೇ ಮತ್ತೊಮ್ಮೆ ಓದಿಕೊಂಡೆ.

ಮನೆಯ ಯಜಮಾನ ತೋಟಪ್ಪನವರು ನನ್ನನ್ನು ನೋಡಿ ನೋಡಿ ಕೊನೆಗೆ ಬನಶ್ರೀಯನ್ನು ಕೇಳಿದರು. "ಈ ಹುಡ್ಗಿ ಮೂಗೀನೇನಮ್ಮ?"

"ಇಲ್ಲ ತಾತ, ಎಂ.ಎ."

"ಓ. ಅದ್ಕೇನಾ."

ಪ್ರಶ್ನೆಗಳನ್ನೆಲ್ಲ ಬನಶ್ರೀಯೇ ಕೇಳಿದಳು. ನಾನು ಬರೆದೆ. ನಕ್ಷೆ ಚೆನ್ನಾಗಿ ಬಂದಿದೆ ಎಂದು ಡಾಕ್ಟರಮ್ಮ ಹೇಳಿದರು. ಬಂದಿದೆ ಎಂಬುದು ನನಗೂ ಗೊತ್ತಿತ್ತು. ತೋಟಪ್ಪನವರು ತಮ್ಮ ಹೆಣ್ಣುಮಕ್ಕಳ ಹೆಸರು ನೆನಪಿಸಿಕೊಳ್ಳಲು ಹೆಂಡತಿಯನ್ನು ಕರೆಯಬೇಕಾಯಿತು. ಗಂಡುಮೊಮ್ಮಕ್ಕಳ ಹೆಸರುಗಳು ನಾಲಿಗೆಯ ಮೇಲೇ ಇದ್ದವು. ಇದನ್ನು ಹಾಳೆಯಲ್ಲಿ ಬರೆಯಲು ಜಾಗವಿಲ್ಲ, ಇಲ್ಲಿ ಬರೆದಿದ್ದೇನೆ.

28 ಸೆಪ್ಟೆಂಬರ್, ಭಾನುವಾರ

ದಸರೆಗೆಂದು ಕಲ್ಯಾಣದುರ್ಗದಿಂದ ಪದ್ಮಾವತಮ್ಮ ಅತ್ತೆ ತವರಿಗೆ ಬಂದಿದ್ದಾರೆ. ಅಪ್ಪನ ಅಕ್ಕ. ಐವತ್ತೇಳು ವಯಸ್ಸು, ದನಿ ಇಪ್ಪತ್ತರದು.

ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಗಂಡಸರು ಸಾಲಾಗಿ ಕೂತು ಬೆರಳು ಚುಚ್ಚಿಸಿಕೊಳ್ಳುತ್ತಾರೆ. ಅಜ್ಜನಿಗೆ ಸಕ್ಕರೆ ಇತ್ತು, ಅವರ ಅಣ್ಣತಮ್ಮಂದಿರಿಗೆ ಇತ್ತು, ಅಪ್ಪನಿಗೆ ನಲವತ್ತಮೂರಕ್ಕೆ ಬಂತು. ಉಮಾಶಂಕರ್ ಚಿಕ್ಕಪ್ಪನಿಗೆ ನಲವತ್ತೇಳಾದರೂ ಬಂದಿಲ್ಲ. ಅದೇ ಅಪ್ಪ, ಅದೇ ಅಮ್ಮ, ಅದೇ ಮಗ್ಗ. ಪ್ರತಿ ವಾರ ತೊಂಬತ್ತೆಂಟು ಎಂದು ಬಂದಾಗ ಚಿಕ್ಕಪ್ಪನ ಮುಖದಲ್ಲಿ ಸಮಾಧಾನಕ್ಕಿಂತ ಹೆಚ್ಚಾಗಿ ಸಂಕೋಚ ಕಾಣುತ್ತದೆ, ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು ಊಟ ಬೇಡ ಎಂದವರಂತೆ.

ಅತ್ತೆ ಅಡುಗೆಮನೆಯಿಂದ ಪಡಸಾಲೆಗೆ ಎರಡು ಸಲ ಓಡಾಡಿದರು. ಅವರು ನಡೆದ ಕಡೆ ನೆಲದ ಮೇಲೆ ಕೆಂಪು ಚುಕ್ಕೆಗಳು ಬಿದ್ದಿದ್ದನ್ನು ನಾನು ನೋಡಿದೆ. ಕುಂಕುಮವೆಂದುಕೊಂಡೆ. ಬೆರಳಿಟ್ಟು ನೋಡಿದರೆ ರಕ್ತ.

"ಅತ್ತೆ, ಕಾಲು" ಎಂದೆ.

ಎತ್ತಿ ನೋಡಿದರು. ಬಲಗಾಲಿನ ಕಿರುಬೆರಳ ಬುಡದಲ್ಲಿ ಮೊಳೆ ಚುಚ್ಚಿದ ತೂತು. ಚಪ್ಪಲಿಯಲ್ಲಿ ಮೊಳೆ ಎದ್ದಿತ್ತು. ಕಲ್ಯಾಣದುರ್ಗದಿಂದ ಅದನ್ನೇ ಹಾಕಿಕೊಂಡು ಬಂದಿದ್ದರು.

"ನೋವೇ ಆಗಲಿಲ್ಲ ಕಣೆ! ನೋಡು, ಈಗ್ಲೂ ಇಲ್ಲ" ಎಂದು ಹೆಮ್ಮೆಯಿಂದ ಗಾಯವನ್ನು ಒತ್ತಿ ತೋರಿಸಿದರು.

ನೋವಾಗದಿರುವುದೇ ಕೆಟ್ಟದ್ದು ಎಂದು ಮೂರು ವಾರದ ಹಿಂದೆ ಡಾಕ್ಟರಮ್ಮನ ಪಾಠದಲ್ಲಿ ಬರೆದುಕೊಂಡಿದ್ದೇನೆ. ಸಕ್ಕರೆ ಬಹಳ ವರ್ಷ ಮೈಯಲ್ಲಿದ್ದರೆ ಪಾದದ ಅರಿವು ಹೋಗುತ್ತದೆ. "ಅತ್ತೆಯದೂ ಒಂದು ಸಲ ನೋಡಬಹುದಲ್ಲ" ಎಂದು ಅಪ್ಪನಿಗೆ ಹೇಳಿದೆ. ಎಷ್ಟು ಮೆಲ್ಲಗೆ ಹೇಳಿದೆನೆಂದರೆ ಅಪ್ಪ ಎರಡು ಸಲ ಹೇಳಿಸಿದರು.

"ಅಕ್ಕಂಗ್ಯಾಕೆ? ಅವಳ ಗೋತ್ರ ಬದಲಾಗಿ ಮೂವತ್ತೇಳು ವರ್ಷ ಆಯ್ತು."

"ಅದೇ ಮತ್ತೆ" ಎಂದರು ಅತ್ತೆ. "ಧಾರೆ ಎರೆದ ದಿನಾನೇ ನಿಮ್ಮ ಮನೆ ಲೆಕ್ಕ ಮುಗೀತು. ಈ ಮನೇಲಿ ಯಾರಾದ್ರೂ ಹೋದ್ರೆ ನಂಗೆ ಮೂರೇ ದಿನ ಸೂತಕ. ಸೂತಕಾನೇ ಪೂರ್ತಿ ತಗುಲಲ್ವಂತೆ, ಕಾಯಿಲೆ ತಗುಲುತ್ತಾ? ಏನನ್ನುತ್ತೇ ನಿನ್ನ ಎಂ.ಎ.?"

ಎಲ್ಲರೂ ನಕ್ಕರು. ನಕ್ಷೆಯಲ್ಲಿ ಅಜ್ಜನ ಚೌಕದಿಂದ ಅತ್ತೆಯ ವೃತ್ತಕ್ಕೆ ಇಳಿಯುವ ಗೆರೆ ನನ್ನ ಕಣ್ಣ ಮುಂದಿತ್ತು. ಆ ಗೆರೆಗೆ ಧಾರೆ ಎರೆದದ್ದು ಗೊತ್ತಿಲ್ಲ. ಇಷ್ಟು ಒಳ್ಳೆಯ ವಾಕ್ಯ ಹೊಳೆದಿತ್ತು, ಬಾಯಿಗೆ ಬರಲಿಲ್ಲ.

3 ಅಕ್ಟೋಬರ್, ಶುಕ್ರವಾರ

ಅತ್ತೆ ಊರಿಗೆ ಹೋದರು. ಗಾಯಕ್ಕೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿಕೊಂಡಿದ್ದರು. ಬಸ್ ನಿಲ್ದಾಣದವರೆಗೆ ಬ್ಯಾಗು ಹಿಡಿದು ಹೋದೆ. ಹೇಳಬೇಕೆಂದುಕೊಂಡದ್ದನ್ನು ಹೇಳಲಿಲ್ಲ.

13 ಅಕ್ಟೋಬರ್, ಸೋಮವಾರ. ಕಲ್ಯಾಣದುರ್ಗ

ತಂಡದಲ್ಲಿ ಇಬ್ಬರನ್ನು ಕಲ್ಯಾಣದುರ್ಗಕ್ಕೆ ಕಳಿಸಬೇಕಿತ್ತು. ನಾನು ಹೋಗುತ್ತೇನೆ ಎಂದೆ. ಡಾಕ್ಟರಮ್ಮ ತಲೆಯೆತ್ತಿ ನೋಡಿದರು. ನಮ್ಮ ಅತ್ತೆಯ ಮನೆ ಅಲ್ಲಿದೆ, ಖರ್ಚು ಉಳಿಯುತ್ತದೆ ಎಂದು ವಿವರಿಸಿದೆ. ಕಂಡಕ್ಟರು ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ಬಸ್ಸಿನ ತುಂಬ ಹೆಂಗಸರು, ಎಲ್ಲರೂ ಎಲ್ಲಿಗೋ ಹೊರಟಿದ್ದರು.

ಅತ್ತೆಯ ಮನೆಯ ಹೊಸ್ತಿಲು ದಾಟಿದ ಕೂಡಲೇ ವಾಸನೆ ಬಂತು. ಊದುಬತ್ತಿ ಹಚ್ಚಿದ್ದರು. ಊದುಬತ್ತಿಯ ಕೆಳಗಿತ್ತು ಅದು. ಕಿರುಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದೆ, ಪಾದ ಊದಿದೆ.

ಶ್ರೀರಾಮಪ್ಪ ಮಾವ ಸೀರೆ ಅಂಗಡಿಯಿಂದ ಮಧ್ಯಾಹ್ನ ಬಂದವರು ನನ್ನನ್ನು ಪಕ್ಕಕ್ಕೆ ಕರೆದರು. "ನೀನಾದ್ರೂ ಹೇಳಮ್ಮ. ಆಸ್ಪತ್ರೆ ಅಂದ್ರೆ ಸಾಕು, ನನ್ನ ಮೇಲೇ ಬೀಳ್ತಾಳೆ."

ಒಳಗಿನಿಂದ ಅತ್ತೆ ಕೂಗಿದರು. "ಕೇಳಿಸ್ತು ಕಣ್ರೀ! ಕಾಲಿಗೆ ಆಗಿರೋದು, ಕಿವಿಗಲ್ಲ."

ರಾತ್ರಿ ಊಟವಾದ ಮೇಲೆ ಹೇಳಿದೆ. ಈ ಸಲ ಮೆಲ್ಲಗಲ್ಲ. "ಅತ್ತೆ, ಇದು ಸಕ್ಕರೆಯಿಂದ ಆಗಿರಬಹುದು. ಹೀಗೇ ಬಿಟ್ಟರೆ ಬೆರಳು ಹೋಗುತ್ತೆ, ಆಮೇಲೆ ಪಾದ ಹೋಗುತ್ತೆ. ನಾಳೆ ಬನಶ್ರೀ ಬರ್ತಾಳೆ, ಒಂದು ಹನಿ ರಕ್ತ ಕೊಡಿ."

"ಸಕ್ಕರೆ ನಿಮ್ಮಪ್ಪನ ಮನೇದು. ಈ ಮನೇಲಿ ನಮ್ಮತ್ತೆಗಿಲ್ಲ, ಮಾವಂಗಿಲ್ಲ, ಇವ್ರಿಗಿಲ್ಲ. ನಂಗೆಲ್ಲಿಂದ ಬತ್ತದೆ?"

"ಹುಟ್ಟಿದ ಮನೆಯಿಂದ."

"ಮಾತು ಕಲ್ತ್ಬುಟ್ಟೆ ಬಿಡು" ಎಂದು ದೀಪ ಆರಿಸಿದರು.

14 ಅಕ್ಟೋಬರ್, ಮಂಗಳವಾರ

ಬನಶ್ರೀ ಬಂದಳು. ಅತ್ತೆ ಅವಳಿಗೆ ಚಿತ್ರಾನ್ನ ಕೊಟ್ಟರು, ಬೆರಳು ಕೊಡಲಿಲ್ಲ.

15 ಅಕ್ಟೋಬರ್, ಬುಧವಾರ

ಇವತ್ತಿನದನ್ನು ಆದ ಹಾಗೇ ಬರೆಯಬೇಕು.

ಬೆಳಿಗ್ಗೆ ಜ್ವರವಿತ್ತು. ಅತ್ತೆ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿದ್ದರು. ವಾದ ಮಾಡಿ ಪ್ರಯೋಜನವಿಲ್ಲ ಎಂದು ಅರ್ಥವಾಗಿತ್ತು. ಚೀಲದಿಂದ ಹಾಳೆ ತೆಗೆದೆ.

"ರಕ್ತ ಬೇಡ ಅತ್ತೆ. ವಿವರ ಕೊಡಿ ಸಾಕು. ಈ ಬೀದಿಯಲ್ಲಿ ಎಲ್ಲರೂ ಕೊಟ್ಟಿದ್ದಾರೆ."

"ಬರ್ಕೊ. ಬಾಯಿಗೇನೂ ಬಂದಿಲ್ಲ."

ಹೆಸರು, ವಯಸ್ಸು, ಮಕ್ಕಳು. ಒಬ್ಬಳೇ ಮಗಳು, ಗಂಗಾದೇವಿ, ಮೂವತ್ತಮೂರು, ಕುಂದುರ್ಪಿಗೆ ಕೊಟ್ಟಿದೆ. ತಂದೆ: ಸಕ್ಕರೆ ಇತ್ತು, ತೀರಿಕೊಂಡಿದ್ದಾರೆ. ಆಮೇಲಿನ ಸಾಲು ತಾಯಿ.

"ಅಮ್ಮ ಹೋದದ್ದು ತೊಂಬತ್ತೊಂದರಲ್ಲಿ. ನಲವತ್ನಾಕು."

"ಏನಾಗಿತ್ತು?"

"ಜ್ವರ."

ಹಾಳೆಯಲ್ಲಿ ಮುಂದಿನ ಪ್ರಶ್ನೆ ಬೇರೆಯವರ ಬಗ್ಗೆ. ನಾನು ಅಲ್ಲಿಗೆ ಹೋಗಲಿಲ್ಲ. "ಜ್ವರಕ್ಕೆ ಮುಂಚೆ ಅಜ್ಜಿ ಹೇಗಿದ್ದರು ಅತ್ತೆ? ನಾನು ನೋಡಿಲ್ಲ."

ಅತ್ತೆ ತೊಲೆ ನೋಡುತ್ತ ಹೇಳಿದರು. ಅಜ್ಜಿ ಕುಳ್ಳಗೆ, ತುಂಬಾ ಚುರುಕು. ಲಾಳಿ ಎಸೆದರೆ ಬೀದಿಗೆ ಕೇಳುತ್ತಿತ್ತು. ಮಗ್ಗದ ಪಕ್ಕ ಯಾವಾಗಲೂ ಹಿತ್ತಾಳೆ ಚೊಂಬಿನಲ್ಲಿ ನೀರು. "ನನ್ನ ಮದುವೆ ವರ್ಷ ಅಂತೂ ಒಂದು ಸೀರೆ ಅಂಚು ಮುಗಿಯೋದ್ರೊಳಗೆ ಎರಡು ಚೊಂಬು ಕುಡಿಯೋಳು. ಅದೆಂಥ ದಾಹವೋ. ನಾನೇ ತುಂಬಿ ತುಂಬಿ ಇಡ್ತಿದ್ದೆ. ಕುಡಿಯೋದು, ಬಚ್ಚಲಿಗೆ ಓಡೋದು. ಹೋಗಿ ಬಂದ ಕಡೆಯೆಲ್ಲ ಇರುವೆ ಮುತ್ತೋವು. ಬಚ್ಚಲು ತೊಳೆಯೋಳು ನಾನು, ನಂಗೊತ್ತಿಲ್ವಾ..."

ನಿಲ್ಲಿಸಿದರು. ನಾನು ಪೆನ್ನು ಎತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಹಿಮ್ಮಡೀಲಿ ಗಾಯ ಇತ್ತು" ಎಂದರು ಆಮೇಲೆ. "ಮಗ್ಗದ ಹಲಗೆ ಉಜ್ಜಿ ಆಗಿದ್ದು. ವರ್ಷ ಆದ್ರೂ ಮಾಯಲಿಲ್ಲ. ಜ್ವರ ಬಂದದ್ದು ಆಮೇಲೆ."

ಹೊರಗೆ ಯಾವುದೋ ಗಾಡಿ ತೆಲುಗಿನಲ್ಲಿ ಈರುಳ್ಳಿ ಕೂಗುತ್ತ ಹೋಯಿತು. ಅತ್ತೆ ದಿಂಬಿನ ಮೇಲಿದ್ದ ತಮ್ಮ ಕಾಲನ್ನು ನೋಡುತ್ತಿದ್ದರು, ಬೇರೆ ಯಾರದೋ ಕಾಲನ್ನು ನೋಡುವ ಹಾಗೆ.

"ಅವಳು ಸತ್ತಾಗ ನಾನು ಮೂರು ದಿನ ಸೂತಕ ಹಿಡಿದೆ ಕಣೆ, ಯಶೋದಾ. ಮೂರೇ ದಿನ. ನಾಕನೇ ದಿನ ತಲೆಗೆ ನೀರು ಹಾಕ್ಕೊಂಡು ಇಲ್ಲಿಗೆ ಬಂದು ಅಡುಗೆ ಮಾಡ್ದೆ. ಒಂಬತ್ತು ತಿಂಗಳು ಅವಳ ಹೊಟ್ಟೇಲಿದ್ದೆ." ಕೈ ಚಾಚಿದರು. "ಕರೀ ಆ ಹುಡುಗೀನ. ಯಾವ ಬೆರಳು ಬೇಕು?"

ಮುನ್ನೂರ ನಲವತ್ತೆರಡು.

ಅಜ್ಜಿಯ ವೃತ್ತವನ್ನು ಇನ್ನೂ ತುಂಬಿಲ್ಲ. ಅಂದಾಜಿನ ಮೇಲೆ ತುಂಬುವಂತಿಲ್ಲ.

16 ಅಕ್ಟೋಬರ್, ಗುರುವಾರ. ಅನಂತಪುರ

ಬೆಳಿಗ್ಗೆ ಐದಕ್ಕೆ ಕಾರು ಮಾಡಿಕೊಂಡು ಆಸ್ಪತ್ರೆಗೆ ಬಂದೆವು. ಸರ್ಜನ್ ನಮ್ಮನ್ನು ಹೊರಗೆ ಕೂರಿಸಿ ಎರಡು ನಿಮಿಷ ಮಾತಾಡಿ ಹೊರಡಲು ನೋಡಿದರು. ಪಾದದ ರಕ್ತ ಓಡಾಟ ಹೇಗಿದೆ, ಬೆರಳು ಮಾತ್ರವೋ ಪಾದವೂ ಹೋಗುತ್ತದೋ, ಯಾವಾಗ ಗೊತ್ತಾಗುತ್ತದೆ ಎಂದು ಕೇಳಿದೆ. ಅವರು ನಿಂತು ಉತ್ತರ ಹೇಳಿದರು. ಕಿರುಬೆರಳು ತೆಗೆಯಲೇಬೇಕು. ಪಾದ ಉಳಿಯಬಹುದು. ಮೂರು ದಿನ ತಡವಾಗಿದ್ದರೆ ಬೇರೆ ಮಾತು.

ಮಾವ ಕೈ ಮುಗಿದುಕೊಂಡೇ ಇದ್ದರು. ಒಪ್ಪಿಗೆ ಪತ್ರ ಓದಿ ಅರ್ಥ ಹೇಳಿ ಸಹಿ ಹಾಕಿಸಿದೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಬತ್ತೀನಿ" ಎಂದರು.

19 ಅಕ್ಟೋಬರ್, ಭಾನುವಾರ. ಅನಂತಪುರ

ಬೆರಳು ಹೋಯಿತು. ಪಾದ ಉಳಿದಿದೆ, ಈವರೆಗೆ.

ಅಪ್ಪ ತವರಿನ ಮರ್ಯಾದೆಗೆಂದು ಸೀರೆ ತಂದಿದ್ದರು. ಹಾಸಿಗೆಯ ಮೇಲಿಟ್ಟರು. ಅತ್ತೆ ಅದನ್ನು ಮುಟ್ಟಲಿಲ್ಲ.

"ಕೇಶವ, ಅಮ್ಮಂಗೆ ಏನಾಗಿತ್ತೋ?"

ಅಪ್ಪ ಕಿಟಕಿಯ ಕಡೆ ತಿರುಗಿದರು. ಅಪ್ಪನಿಗೆ ಐವತ್ತನಾಲ್ಕು. ಆ ಕ್ಷಣದಲ್ಲಿ ಅಕ್ಕನಿಂದ ಏಟು ತಿನ್ನಲು ನಿಂತ ಹುಡುಗನ ಹಾಗೆ ಕಂಡರು.

"ನಾನೇ ಕರ್ಕೊಂಡು ಹೋಗಿದ್ದೆ ಡಾಕ್ಟರ ಹತ್ರ. ಹದಿನೇಳು ವರ್ಷ ನಂಗೆ. ಮೂತ್ರ ಪರೀಕ್ಷೆ ಮಾಡಿ ಸಕ್ಕರೆ ಅಂದ್ರು. ಮನೆಗೆ ಬಂದ್ರೆ ಅಪ್ಪ ಬಾಯಿ ಮುಚ್ಚು ಅಂದ. ನಿನ್ನ ನಿಶ್ಚಯ ಆಗಿತ್ತು ಅಕ್ಕ. ತಾಯಿಗೆ ಸಕ್ಕರೆ ಅಂದ್ರೆ ಹೆಣ್ಣು ತಗೊಳ್ತಾರಾ? ಗಂಡಸರಿಗಿದ್ರೆ ಯಾರೂ ಕೇಳಲ್ಲ."

"ಮಾತ್ರೆ?"

"ಕೊಡಲಿಲ್ಲ. ಮನೇಲಿ ಮಾತ್ರೆ ಕಂಡ್ರೆ ಗೊತ್ತಾಗುತ್ತೆ ಅಂತ. ಮದುವೆ ಆಗ್ಲಿ ಆಮೇಲೆ ಅಂತ. ಆಮೇಲೆ... ಹಂಗೇ ಆಯ್ತು."

"ಮದುವೆ ಆಯ್ತಲ್ಲೋ. ಆದ್ಮೇಲೆ ನಂಗಾದ್ರೂ ಹೇಳ್ಬೋದಿತ್ತು. ಮೂವತ್ತೇಳು ವರ್ಷ ಕಣೋ. ನಿಮ್ಮದೆಲ್ಲ ಪ್ರತಿ ವಾರ ಚುಚ್ಚಿ ಚುಚ್ಚಿ ನೋಡ್ಕೊಂಡ್ರಿ."

"ಗೋತ್ರ ಬದಲಾದ್ಮೇಲೆ ಬರಲ್ಲ ಅಂತ ಅಪ್ಪ ಹೇಳ್ತಾ ಇದ್ದ. ಹೇಳಿ ಹೇಳಿ ನಾನೂ ನಂಬ್ಬುಟ್ಟೆ."

ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಅತ್ತೆ ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತು ಅಳಲು ಬಿಟ್ಟರು. ಆಮೇಲೆ "ಕುಂತ್ಕೊ. ಯಶೋದಾ, ಕೆಳಗಿಂದ ಕಾಫಿ ತಗೊಂಬಾ. ಇಬ್ಬರಿಗೂ ಸಕ್ಕರೆ ಬೇಡ ಅನ್ನು" ಎಂದರು.

ನಾನು ಏಳುವ ಮೊದಲು ಹಾಳೆ ತೆಗೆದೆ. "ಅಪ್ಪ, ಆಗ ಅಜ್ಜಿಗೆ ಎಷ್ಟು ವಯಸ್ಸು? ಸರಿಯಾಗಿ ನೆನಪು ಮಾಡಿಕೊಂಡು ಹೇಳಿ."

"ನಲವತ್ತೊಂದು."

ವೃತ್ತ ತುಂಬಿದೆ. ಅತ್ತೆಗೆ ಎರಡೂ ಕಡೆಯಿಂದ ಗೆರೆ ಬಂದಿದೆ. ಅದೇ ಗೆರೆಗಳು ಅಪ್ಪನ ಮೂಲಕ ನನಗೂ ಇಳಿದಿವೆ. ನಿನ್ನೆ ಆಸ್ಪತ್ರೆಗೆ ಬಂದಿದ್ದ ಬನಶ್ರೀ ನನ್ನದನ್ನೂ ನೋಡಿದಳು. ಬೆಳಗಿನ ಖಾಲಿ ಹೊಟ್ಟೆಯಲ್ಲಿ ತೊಂಬತ್ತೊಂದು. ವರ್ಷಕ್ಕೊಮ್ಮೆ ನೋಡಿಸುತ್ತೇನೆ.

9 ನವೆಂಬರ್, ಭಾನುವಾರ. ಕಲ್ಯಾಣದುರ್ಗ

ಗಾಯ ಮಾಯುತ್ತಿದೆ. ದಿನವೂ ಡ್ರೆಸ್ಸಿಂಗ್ ನಾನೇ ಮಾಡುತ್ತೇನೆ. ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಅತ್ತೆ ಮೂರೇ ದಿನಕ್ಕೆ ಕಲಿತರು. "ಸೂಜಿ ಹಿಡಿದ ಕೈ ಕಣೆ ಇದು."

ಬನಶ್ರೀ ನಿನ್ನೆ ಕೇಳಿದಳು, ಒಂದೇ ದಿನ ಹದಿನಾಲ್ಕು ಮನೆ ಹೇಗೆ ಮುಗಿಸಿದೆ ಎಂದು. ಮನೆಗಳು ಹತ್ತಿರ ಹತ್ತಿರ ಇದ್ದವು ಎಂದೆ.

ಕುಂದುರ್ಪಿಯಿಂದ ಗಂಗಾದೇವಿ ಎರಡು ಸಲ ಬಂದು ಅಮ್ಮನನ್ನು ನೋಡಿ ಹೋದಳು. ಎರಡು ಸಲವೂ ಪರೀಕ್ಷೆ ಬೇಡ ಎಂದಳು. ಅತ್ತೆಮನೆಯಲ್ಲಿ ಗೊತ್ತಾದರೆ ಏನಂದುಕೊಳ್ಳುತ್ತಾರೋ ಎಂದು. ಎರಡನೆಯ ಸಲ ಅತ್ತೆ ಅವಳು ಬಾಗಿಲು ದಾಟುವವರೆಗೆ ನೋಡುತ್ತಿದ್ದರು.

7 ಡಿಸೆಂಬರ್, ಭಾನುವಾರ. ಕುಂದುರ್ಪಿ, ಆಮೇಲೆ ಕಲ್ಯಾಣದುರ್ಗ

ಶುಕ್ರವಾರ ಸರ್ಜನ್ ಕೊನೆಯ ಪಟ್ಟಿ ಬಿಚ್ಚಿ, ಮೆತ್ತನೆಯ ಅಗಲದ ಚಪ್ಪಲಿ ಹಾಕಿ ನಡೆಯಬಹುದು ಎಂದರು. ಇವತ್ತು ಬೆಳಿಗ್ಗೆ ಅತ್ತೆ ಅದನ್ನು ಹಾಕಿಕೊಂಡು "ಕುಂದುರ್ಪಿಗೆ ಹೋಯ್ತೀನಿ. ಚುಚ್ಚೋ ಮಿಷನ್ನು ತಗೊಂಡು ನೀನೂ ಬಾ" ಎಂದರು. ಮಾವ ಕಾರು ಎಂದರು. ಅತ್ತೆಗೆ ಬಸ್ಸೇ ಬೇಕು.

ಗಂಗಾದೇವಿಯ ಅತ್ತೆ ಲಕ್ಷ್ಮೀದೇವಮ್ಮ ಬಾಗಿಲಲ್ಲೇ ಸಿಕ್ಕಿದರು. ಕಡಲೆಕಾಯಿ ಬಿಡಿಸುತ್ತ ಕೂತಿದ್ದವರು ಎದ್ದು ಚಾಪೆ ಹಾಸಿದರು. ನಮ್ಮತ್ತೆ ಕೂರಲಿಲ್ಲ.

"ಬೀಗ್ತಿ, ಒಂದು ಮಾತೈತೆ. ನಿಂತೇ ಹೇಳ್ತೀನಿ. ನಮ್ಮ ತವರಿನಾಗೆ ಸಕ್ಕರೆ ಐತೆ. ನಮ್ಮಪ್ಪಂಗಿತ್ತು, ಅಮ್ಮಂಗೂ ಇತ್ತು, ನಂಗೂ ಐತೆ, ಬೆರಳು ಹೋಗಿದ್ದು ಅದ್ರಿಂದ್ಲೇ. ಮೊಳೆಯಿಂದಲ್ಲ. ಹೆಣ್ಣು ಕೊಡೋವಾಗ ಹೇಳ್ಬೇಕಿತ್ತು, ನಂಗೇ ಯಾರೂ ಹೇಳಿರಲಿಲ್ಲ. ಈಗ ನನ್ನ ಮಗಳದ್ದು ನೋಡ್ಬೇಕು. ನೀವು ಏನಾದ್ರೂ ಅನ್ಕೊಳಿ."

ಲಕ್ಷ್ಮೀದೇವಮ್ಮ ಕೈಯಲ್ಲಿದ್ದ ಕಾಯಿಯನ್ನು ಬಹಳ ಹೊತ್ತು ಹಿಚುಕಿದರು. ಆಮೇಲೆ ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ನಮ್ಮ ಮುಂದೆ ಮುಚ್ಚಳ ತೆರೆದರು. ಸಕ್ಕರೆಯ ಮಾತ್ರೆಗಳು, ನಾಲ್ಕೈದು ಪಟ್ಟಿ.

"ಹನ್ನೊಂದು ವರ್ಷದಿಂದ ನುಂಗ್ತಾ ಇದೀನಿ. ರಾಗಿ ಡಬ್ಬಿ ಹಿಂದೆ ಇಟ್ಕೊಂಡು. ನೀವು ಹುಡ್ಗೀನ ಕೊಡಲ್ಲ ಅಂದ್ರೆ ಅಂತ."

ನಮ್ಮತ್ತೆ ಮೊದಲು ಅವರ ಮುಖ ನೋಡಿದರು, ಆಮೇಲೆ ಡಬ್ಬಿ ನೋಡಿದರು, ಆಮೇಲೆ ಚಾಪೆಯ ಮೇಲೆ ಕೂತು ನಗಲು ಶುರುಮಾಡಿದರು. "ಅಯ್ಯೋ ನಿಮ್ಮ! ಮದುವೆ ಊಟದಾಗೆ ಇಬ್ಬರೂ ಎದುರಾಬದುರು ಕುಂತು ಮೂರು ಮೂರು ಹೋಳಿಗೆ ತಿಂದ್ವಲ್ರೀ!"

"ನಾಕು" ಎಂದರು ಲಕ್ಷ್ಮೀದೇವಮ್ಮ. "ನೀವು ನಾಕು ತಿಂದ್ರಿ. ನಾನು ಎಣಿಸ್ತಿದ್ದೆ."

ಗಂಗಾದೇವಿ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ ಗೊತ್ತಿಲ್ಲ. ಸೊಂಟದ ಮೇಲೆ ಮಗು. ಯಾರೂ ಕರೆಯದೆ ಬಂದು ನನ್ನ ಎದುರು ಕೂತು ಬೆರಳು ಚಾಚಿದಳು. ಊಟವಾಗಿ ಎರಡು ಗಂಟೆಯಾಗಿತ್ತು. ಚುಚ್ಚಿದೆ. ನೂರ ಐವತ್ತೆಂಟು.

"ಬಂದೈತಾ?" ಎಂದರು ಅತ್ತೆ. ನಗು ನಿಂತಿತ್ತು.

"ಇಲ್ಲ. ಹತ್ತಿರ ಬಂದಿದೆ. ಕಲ್ಯಾಣದುರ್ಗದಲ್ಲಿ ಇನ್ನೊಂದು ಪರೀಕ್ಷೆ ಮಾಡಿಸಿದರೆ ಸರಿಯಾಗಿ ಗೊತ್ತಾಗುತ್ತೆ. ಈಗ ತಡೆಯಬಹುದು."

"ಎಷ್ಟು ದಿನ ತಡೀಬೋದು?" ಗಂಗಾದೇವಿ ಕೇಳಿದಳು.

"ಅದು ಹುಟ್ಟಿನಿಂದ ಬಂದ ಅಕ್ಷರದಲ್ಲಿ ಅರ್ಧ, ನಿನ್ನ ಕೈಯಲ್ಲಿ ಅರ್ಧ. ಎಷ್ಟೋ ವರ್ಷ ತಡೆದವರಿದ್ದಾರೆ. ಬರದೇ ಹೋದವರೂ ಇದ್ದಾರೆ. ತೂಕ ಇಳಿಸಬೇಕು, ಅನ್ನ ಕಮ್ಮಿ ಮಾಡಬೇಕು, ದಿನಾ ನಡೆಯಬೇಕು."

"ನಡೆಯೋದಾ?" ಅತ್ತೆ ಗೋಡೆ ಹಿಡಿದು ಎದ್ದರು. "ಬಸ್ ಸ್ಟ್ಯಾಂಡು ಇಲ್ಲಿಂದ ಎಷ್ಟು ದೂರ?"

"ಒಂದೂವರೆ ಕಿಲೋಮೀಟರ್ ಆಗುತ್ತಮ್ಮ. ಆಟೋ ಕರೀತೀನಿ ಇರು."

"ಯಾವ ಆಟೋ? ಮಗು ನಿಮ್ಮತ್ತೆ ಕೈಗೆ ಕೊಡು. ಚಪ್ಪಲಿ ಹಾಕ್ಕೊ."

ಸಂಜೆ ಬಿಸಿಲು ಎದುರಿಗಿತ್ತು. ಅತ್ತೆಯ ಬಲಗಾಲು ಪ್ರತಿ ಹೆಜ್ಜೆಗೂ ಕೊಂಚ ಹೊರಕ್ಕೆ ಬೀಳುತ್ತಿತ್ತು, ಆದರೂ ಗಂಗಾದೇವಿಗೆ ಅವರ ಸಮಕ್ಕೆ ನಡೆಯಲು ಏದುಸಿರು ಬಿಡಬೇಕಾಯಿತು. ಅರ್ಧ ದಾರಿಯಲ್ಲಿ ಆಟೋದವನೊಬ್ಬ ಪಕ್ಕಕ್ಕೆ ತಂದು ನಿಲ್ಲಿಸಿ, ಅತ್ತೆಯ ಕಾಲು ನೋಡಿ, "ರಾ ಅಮ್ಮಾ, ಎಕ್ಕು" ಎಂದು ಹತ್ತಲು ಕರೆದ.

ಅತ್ತೆ ನಿಲ್ಲದೆ, ತಿರುಗಿಯೂ ನೋಡದೆ, ಕೈ ಆಡಿಸಿ ಅವನನ್ನು ಮುಂದಕ್ಕೆ ಕಳಿಸಿದರು.